ಅಭ್ಯರ್ಥಿಯ ಪ್ರಮಾಣಪತ್ರ

‘ಅಭ್ಯರ್ಥಿ’ ಎಂಬ ಮಾತಿಗೆ ಬೇಡುವವನು ಎಂದೇ ಅರ್ಥ. ಬೇಡುವವನು ಬಾಗಿಲಲ್ಲಿ ನಿಂತಿರುವಾಗ, ಆತನ ನಡತೆಯೇನು, ಆಸ್ತಿಪಾಸ್ತಿಯೇನು ಎಂದು ವಿಚಾರಿಸುವ ಅಧಿಕಾರ ಕೊಡುವವನಿಗೆ ಉಂಟಷ್ಟೆ. ಆದರೆ ನಮ್ಮ ಮತದಾರನಿಗೆ ಈ ಅಧಿಕಾರ ಕೈಗೂಡಿದ್ದು ಮೊದಲ ಮಹಾಚುನಾವಣೆ ನಡೆದು ಅರ್ಧ ಶತಮಾನ ಸಂದ ಮೇಲೆ.

1999ರಲ್ಲಿ ಅಹಮದಾಬಾದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಕೆಲವರು ಪ್ರಾಧ್ಯಾಪಕರು ‘ಅಸೋಸಿಯೇಷನ್ ಫಾರ್ ಡೆಮೊಕ್ರಾಟಿಕ್ ರಿಫಾರ್ಮ್ಸ್’ ಎಂಬ ಲಾಭಾಪೇಕ್ಷೆಯಿಲ್ಲದ ಸಂಘವನ್ನು ಕಟ್ಟಿ, ದೆಹಲಿಯ ಹೈಕೋರ್ಟನ್ನು ಮೊರೆಹೊಕ್ಕರು. 2000ದಲ್ಲಿ ತೀರ್ಪು ಇವರ ಪರವಾಯಿತು. ಸರ್ಕಾರ ಮೇಲ್ಮನವಿ ಸಲ್ಲಿಸಿದರೂ 2002ರ ಮೇ 2ರಂದು ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಬೇರೆ ಯಾವುದರಲ್ಲಿಯೂ ಹೊಂದಿಕೊಳ್ಳದ ಪಕ್ಷಗಳು ಇದೊಂದರಲ್ಲಿ ಒಮ್ಮತಕ್ಕೆ ಬಂದವು! ಕಾಯಿದೆಯನ್ನೇ ತಿದ್ದಿ ತೀರ್ಪಿನ ಬಲವನ್ನು ಕುಗ್ಗಿಸಲಾಯಿತು. ಆ ತಿದ್ದುಪಡಿಯನ್ನು 2003ರ ಮಾರ್ಚ್ 13ರಂದು ನ್ಯಾಯಾಲಯವು ಅಸಿಂಧುವೆಂದು ಸಾರಿತು. ಅಂದಿನಿಂದ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಮೇಲಿನ ಕ್ರಿಮಿನಲ್ ಮೊಕದ್ದಮೆ, ತನ್ನ ಮತ್ತು ಮನೆಯವರ ಆಸ್ತಿ, ಸಾಲ, ವಿದ್ಯಾಭ್ಯಾಸ, ಇವನ್ನೆಲ್ಲ 26ನೆಯ ನಮೂನೆಯಲ್ಲಿ ಪ್ರಮಾಣಮಾಡಿ ಬರೆದುಕೊಡಬೇಕು.

ಬರೆದುಕೊಟ್ಟದ್ದು ಚುನಾವಣಾಧಿಕಾರಿಯ ಕಚೇರಿಯ ಫಲಕದಲ್ಲಿಯೇ ಉಳಿದಿದ್ದರೆ ಓದುವವರು ಯಾರು? ಇಲ್ಲಿಯೇ ಅಂತರ್ಜಾಲದ ಉಪಕಾರ. ಚುನಾವಣಾ ಆಯೋಗವು ಪತ್ರಗಳ ಪ್ರತಿಯನ್ನು ತನ್ನ ತಾಣದಲ್ಲಿ ಇಡುತ್ತದೆ. ಪುಟಪುಟಗಳ ಆ ಬರಹವನ್ನು ಸಂಘದವರು ಕೋಷ್ಟಕವಾಗಿ ಇಳಿಸಿ ‘ಮೈನೇತಾ’ ಎಂಬ ತಾಣದಲ್ಲಿ ಒದಗಿಸುತ್ತಾರೆ. ತಾವು ರಾಜ್ಯವನ್ನೂ ಕ್ಷೇತ್ರವನ್ನೂ ಆರಿಸಿದರೆ ಸಾಕು, ಕಣದಲ್ಲಿರುವವರ ವಿವರಗಳು ಸಾಲಾಗಿ ನಿಲ್ಲುತ್ತವೆ. ಒಬ್ಬನೇ ವ್ಯಕ್ತಿ ಎರಡು ಚುನಾವಣೆಗಳಲ್ಲಿ ತೋರಿಸಿದ ಆಸ್ತಿಯನ್ನು ಹೋಲಿಸಿ ನೋಡುವುದು, ನನ್ನ ಮಟ್ಟಿಗೆ, ಹತ್ತು ಭಾಷಣ ಕೇಳುವುದಕ್ಕಿಂತ ಮೇಲು.

ಒಂದೆರಡು ಎಚ್ಚರಿಕೆಗಳುಂಟು. ಅಲ್ಲಿರುವುದು ಅಭ್ಯರ್ಥಿಯ ಸ್ವಂತ ಹೇಳಿಕೆ. ಅದು ನಿಜವೆಂದು ತಾಣದವರು ಹೊಣೆಹೊರುವುದಿಲ್ಲ. ಸುಳ್ಳು ಬರೆದವನಿಗೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಮೊಕದ್ದಮೆ ಇದೆಯೆಂದ ಮಾತ್ರಕ್ಕೆ ಅಪರಾಧಿಯೆಂದು ಭಾವಿಸಲಾಗದು. ಚಳವಳಿಯಲ್ಲಿ ಕುಳಿತವನ ಮೇಲೂ ಕೇಸು ಇರಬಹುದು, ಕೊಲೆಯ ಆರೋಪ ಹೊತ್ತವನ ಮೇಲೂ ಇರಬಹುದು. ಆದುದರಿಂದ ಎಷ್ಟು ಕೇಸು ಎಂಬುದಕ್ಕಿಂತ ಯಾವ ಕಲಮಿನ ಕೇಸು ಎಂಬುದನ್ನು ತಾವು ನೋಡಬೇಕು.

2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಮೊಕದ್ದಮೆಯುಳ್ಳವನನ್ನು ನಿಲ್ಲಿಸುವ ಪಕ್ಷವು, ಆತನನ್ನೇ ಏಕೆ ಆರಿಸಿತೆಂಬ ಕಾರಣವನ್ನು ತನ್ನ ತಾಣದಲ್ಲಿ ಪ್ರಕಟಿಸಬೇಕು. ‘ಗೆಲ್ಲಬಲ್ಲವನು’ ಎಂಬುದಷ್ಟೇ ಕಾರಣವಾಗಲಾರದು. ಈ ಕಾರಣಗಳನ್ನೂ ಒಮ್ಮೆ ಓದಿ ನೋಡಿರಿ.

ನಾಮಪತ್ರ ಹಿಂತೆಗೆಯುವ ಕೊನೆಯ ದಿನಕ್ಕೂ ಮತದಾನಕ್ಕೂ ನಡುವೆ ಸಾಮಾನ್ಯವಾಗಿ ಎರಡು ವಾರಗಳ ಅವಕಾಶವಿರುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರ ಕೈಯಿಂದಲೇ ತೆರೆಸಿ, ಹಿರಿಯರಿಗೆ ಓದಿ ಹೇಳಲು ಒಂದು ಸಂಜೆ ಸಾಕು.