ಅಮೃತೇಶ್ವರನ ಪಕ್ಕದ ಮನೆ

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿ ಅಣ್ಣಿಗೇರಿ ಸಿಗುತ್ತದೆ. ನಿಮ್ಮಲ್ಲಿ ಎಷ್ಟೋ ಜನ ಈ ಊರನ್ನು ನೂರು ಸಲ ದಾಟಿರುತ್ತೀರಿ. ನಾನೂ ಅಷ್ಟೇ, ಇಂಜಿನಿಯರಿಂಗ್ ಓದುವಾಗ ಬಸ್ಸಿನ ಕಿಟಕಿಯಿಂದ ನೋಡಿದ್ದು ಬಿಟ್ಟರೆ ಒಮ್ಮೆಯೂ ಇಳಿದವನಲ್ಲ. ಮೊನ್ನೆ ಕಡಲೆ ಬೆಳೆಯ ಸುದ್ದಿಗೆ ಅಂತ ಆ ಕಡೆ ಹೋಗಿದ್ದೆವು. ಕ್ಯಾಮೆರಾದವರು ಊಟಕ್ಕೆ ಕೂತರು, ನನಗೊಂದು ಗಂಟೆ ಬಿಡುವು ಸಿಕ್ಕಿತು. ಅಮೃತೇಶ್ವರ ಗುಡಿ ಎಲ್ಲಿ ಅಂತ ಕೇಳಿಕೊಂಡು ಹೊರಟೆ.

ಗುಡಿ ಊರ ಹೊರಗಿಲ್ಲ. ಓಣಿ ದಾಟಿ, ಮನೆಗಳ ನಡುವೆಯೇ ಹೋಗಬೇಕು. ಅಂಗಳದಲ್ಲಿ ಬಟ್ಟೆ ಒಣಗುತ್ತಿರುತ್ತವೆ, ಕಟ್ಟೆ ಮೇಲೆ ಹಿರಿಯರು ಕೂತಿರುತ್ತಾರೆ, ಅಲ್ಲೇ ಸಾವಿರ ವರ್ಷದ ಕಲ್ಲಿನ ಕಟ್ಟಡ. ಹಂಪಿಯ ಹಾಗೆ ಟಿಕೆಟ್ಟಿನ ಸಾಲಿಲ್ಲ, ಗೈಡುಗಳ ಕಾಟವಿಲ್ಲ. ಪೂಜೆ ಇವತ್ತಿಗೂ ನಡೆಯುತ್ತದೆ.

ಕಲ್ಯಾಣದ ಚಾಲುಕ್ಯರ ಕಾಲದ ಗುಡಿ ಇದು, ಕ್ರಿ.ಶ. 1050ರ ಸುಮಾರಿನದು. ಒಳಗೆ 76 ಕಂಬಗಳು. ಈ ಊರು ಆದಿಕವಿ ಪಂಪನ ಹುಟ್ಟೂರು ಎಂಬ ನಂಬಿಕೆ ನಿಮಗೆ ಗೊತ್ತೇ ಇದೆ. 12ನೇ ಶತಮಾನದ ಕೊನೆಯಲ್ಲಿ ಚಾಲುಕ್ಯರ ಕೊನೆಯ ದೊರೆ ನಾಲ್ಕನೇ ಸೋಮೇಶ್ವರನಿಗೆ ಇದೇ ರಾಜಧಾನಿಯಾಗಿತ್ತು. ಆದರೆ ಇಂಜಿನಿಯರ್ ಕಣ್ಣಿಗೆ ಬೀಳುವುದು ಕಲ್ಲು. ಐಹೊಳೆ, ಪಟ್ಟದಕಲ್ಲುಗಳದು ಮರಳುಗಲ್ಲು; ಇಲ್ಲಿಯದು ಬಳಪದ ಕಲ್ಲು. ನಾವು ಪಾಟಿಯ ಮೇಲೆ ಬರೆಯುತ್ತಿದ್ದೆವಲ್ಲ, ಅದೇ ಜಾತಿ. ಮೆತ್ತಗಿನ ಕಲ್ಲಾದ್ದರಿಂದ ಉಳಿ ಸಲೀಸಾಗಿ ಓಡುತ್ತದೆ, ಸಣ್ಣ ಕೆತ್ತನೆಯೂ ಚೂಪಾಗಿ ನಿಲ್ಲುತ್ತದೆ. ಈ ಕಲ್ಲಿಗೆ ಚಾಲುಕ್ಯರು ಹೊರಳಿದ್ದರ ಮೊದಲ ಉದಾಹರಣೆ ಇದೇ ಗುಡಿ ಎಂದು ಹೆನ್ರಿ ಕಸಿನ್ಸ್ ಗುರುತಿಸಿದರು. ಈ ಭಾಗದ ಚಾಲುಕ್ಯ ಗುಡಿಗಳ ಬಗ್ಗೆ ಅವರ ದೊಡ್ಡ ಗ್ರಂಥ ಬಂದದ್ದು 1926ರಲ್ಲಿ. ಲಕ್ಕುಂಡಿಯ, ಇಟಗಿಯ ಕುಸುರಿ ನೋಡಿ ಬೆರಗಾಗುವವರು ಒಮ್ಮೆ ಇಲ್ಲಿಗೂ ಬರಬೇಕು.

ಹೊರಗೆ ಬಂದೆ. ನನ್ನ ಕೈಯಲ್ಲಿದ್ದ ಮೈಕ್ ನೋಡಿ ಒಬ್ಬ ಅಜ್ಜಿ ಕರೆದರು. "ತಮ್ಮಾ, ಟಿವಿಯಾಂವ ಅಲ್ಲಾ ನೀ? ಇಲ್ಲಿ ಬಾ, ನಮ್ಮ ಗ್ವಾಡಿ ನೋಡು." ನೋಡಿದೆ. ಮಣ್ಣಿನ ಗೋಡೆ, ಮೇಲ್ಮುದ್ದೆಯ ಮನೆ. ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು. "ದೇವರ ಮನಿ ಸಾವಿರ ವರ್ಷ ನಿಂತೈತಿ. ನಮ್ಮ ಮನಿ ಇನ್ನೊಂದು ಮಳಿಗಾಲ ತಡಕೊಳ್ಳೂದಿಲ್ಲ. ಕೆಡವಿ ಸಿಮೆಂಟಿನ್ದು ಕಟ್ಟೋಣು ಅಂದ್ರ ಬ್ಯಾಡ ಅಂತಾರ. ಯಾಕ?"

ಆ 'ಯಾಕ'ಕ್ಕೆ ಉತ್ತರ ಇಲ್ಲಿದೆ.

ಇದು ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ ಕಾಯುವ ಸ್ಮಾರಕ. ದೇಶದಲ್ಲಿ ಇಂಥವು 3,600ಕ್ಕೂ ಹೆಚ್ಚು, ಕರ್ನಾಟಕದಲ್ಲೇ 500ಕ್ಕೂ ಹೆಚ್ಚು. 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಸಂರಕ್ಷಿತ ಜಾಗದ ಗಡಿಯಿಂದ ಸುತ್ತಲೂ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನೆನಪಿಡಿ, ಅಳತೆ ಶುರುವಾಗುವುದು ಗುಡಿಯ ಗೋಡೆಯಿಂದಲ್ಲ, ಗಡಿಯಿಂದ. ಒಂದೇ ಬಿಂದುವಿನಿಂದ ಅಳೆದರೂ 100 ಮೀಟರಿನ ವೃತ್ತ ಏಳೂವರೆ ಎಕರೆ ಮೀರುತ್ತದೆ. 300 ಮೀಟರಿನದು ಸುಮಾರು 70 ಎಕರೆ. ಇಂಥ ಊರಿನಲ್ಲಿ ಅದರೊಳಗೆ ಎಷ್ಟು ಮನೆ ಬರುತ್ತವೆ, ನೀವೇ ಲೆಕ್ಕ ಹಾಕಿ.

ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಹಳೆಯದನ್ನು ಕೆಡವಿ ಮತ್ತೆ ಕಟ್ಟುವಂತಿಲ್ಲ. ರಿಪೇರಿ ಮಾಡಬಹುದು, ಅದಕ್ಕೂ ಪರ್ಮಿಷನ್ ಬೇಕು. ಮನೆ 1992ರ ಜೂನ್ 16ಕ್ಕಿಂತ ಮೊದಲಿನದಾಗಿರಬೇಕು, ಇಲ್ಲವೇ ಆಮೇಲೆ ಇಲಾಖೆಯ ಒಪ್ಪಿಗೆ ಪಡೆದು ಕಟ್ಟಿದ್ದಾಗಿರಬೇಕು. ತಪ್ಪಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಗಟಾರ, ಸಾರ್ವಜನಿಕ ಕುಡಿಯುವ ನೀರು, ಕರೆಂಟಿನ ಕೆಲಸಗಳನ್ನು ಕಾಯ್ದೆ 'ನಿರ್ಮಾಣ' ಎಂದು ಎಣಿಸುವುದಿಲ್ಲ.

ಈ ಕಾಯ್ದೆಯನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ಅಣ್ಣಿಗೇರಿಯದು ಎರಿ ಭೂಮಿ. ಮಳೆ ಬಂದರೆ ಈ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಗುಡಿಯ ಪಕ್ಕದಲ್ಲಿ ಯಾರೋ ಆಳವಾದ ಪಾಯ ತೋಡಿ ಮೂರಂತಸ್ತು ಎಬ್ಬಿಸಿದರೆ ನೆಲದ ನೀರು ಹರಿಯುವ ದಾರಿ ಬದಲಾಗುತ್ತದೆ. ಹಳೆಯ ಕಲ್ಲಿನ ಕಟ್ಟಡದ ಒಂದು ಮೂಲೆ ಎರಡು ಬೆರಳು ಕುಸಿದರೂ ಸಾಕು, ಮೇಲಿನ ತೊಲೆ ಸೀಳುತ್ತದೆ. ಇನ್ನು ನೆಲದೊಳಗೆ ಏನಿದೆಯೋ! 2010ರಲ್ಲಿ ಇದೇ ಊರಲ್ಲಿ ಗಟಾರಕ್ಕೆ ಅಗೆಯುವಾಗ ಸಾಲಾಗಿ ಜೋಡಿಸಿಟ್ಟ ನೂರಾರು ತಲೆಬುರುಡೆ ಸಿಕ್ಕಿದ್ದವಲ್ಲ, ಆಗ ನಾನು ಕಾಲೇಜಿನಲ್ಲಿದ್ದೆ, ಟಿವಿ ಮುಂದಿಂದ ಏಳಲಿಲ್ಲ.

ಹಾಗಾದರೆ ತಪ್ಪೆಲ್ಲಿ? ಕಾಯ್ದೆಗೆ ಕಲ್ಲು ಗೊತ್ತು, ಮಣ್ಣು ಗೊತ್ತಿಲ್ಲ. ಕಲ್ಲಿನ ಕಟ್ಟಡ ಉಳಿಯಬೇಕಾದರೆ ಅದನ್ನು ಮುಟ್ಟದೆ ಬಿಡಬೇಕು. ಮಣ್ಣಿನ ಮನೆಗೆ ವರ್ಷವರ್ಷ ಕೈ ಹಾಕಬೇಕು: ಮಾಳಿಗೆಗೆ ಮಣ್ಣು ಹೊದಿಸಬೇಕು, ಗೋಡೆ ಮೆತ್ತಬೇಕು, ಬಿದ್ದದ್ದನ್ನು ಮತ್ತೆ ಎತ್ತಬೇಕು. ಜಪಾನಿನ ಇಸೆಯ ಶಿಂಟೋ ದೇಗುಲ ಮರದ್ದು. ಅದನ್ನು 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಅದೇ ಅಳತೆಯಲ್ಲಿ ಹೊಸದಾಗಿ ಕಟ್ಟುತ್ತಾರೆ. ಕೊನೆಯ ಸಲ ಕಟ್ಟಿದ್ದು 2013ರಲ್ಲಿ. ಮರಕ್ಕೆ ತಕ್ಕ ನಿಯಮ ಅದು. ನಮ್ಮಲ್ಲಿ ಪೂರ್ತಿ ಬಿದ್ದ ಮಣ್ಣಿನ ಗೋಡೆಯನ್ನು ಎತ್ತಿದರೆ ಅದು ರಿಪೇರಿಯೋ ಮರುನಿರ್ಮಾಣವೋ ಎಂಬುದೇ ಜಗಳ.

ಅರ್ಜಿಯ ಹಾದಿಯನ್ನೂ ನೋಡಿ. ಸಕ್ಷಮ ಪ್ರಾಧಿಕಾರ 15 ದಿನದಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿಂದ ಅಭಿಪ್ರಾಯ ಬರಲು ಎರಡು ತಿಂಗಳು, ಆಮೇಲೆ ಹೌದು-ಅಲ್ಲ ಹೇಳಲು ಒಂದು ತಿಂಗಳು. ಎಲ್ಲವೂ ಗಡುವಿನೊಳಗೇ ನಡೆದರೂ ಮೂರೂವರೆ ತಿಂಗಳಾಯಿತು. ಮೃಗಶಿರಾ ಮಳೆಗೆ ಬಿದ್ದ ಗೋಡೆಗೆ ಉತ್ತರ ಬರುವ ಹೊತ್ತಿಗೆ ಉತ್ತರಿ ಮಳೆ ಸುರಿಯುತ್ತಿರುತ್ತದೆ.

ಮದ್ದು ಕಾಯ್ದೆಯಲ್ಲೇ ಇದೆ. ಪ್ರತಿ ಸ್ಮಾರಕಕ್ಕೂ ಅದರದೇ ಪಾರಂಪರಿಕ ಉಪವಿಧಿ ಮಾಡಬೇಕು ಎಂದು ಅದೇ ತಿದ್ದುಪಡಿ ಹೇಳುತ್ತದೆ. ವಿಜಯಪುರದ ಗೋಳಗುಮ್ಮಟಕ್ಕೂ ಓಣಿಯೊಳಗಿನ ಗುಡಿಗೂ ಒಂದೇ ಟೇಪು ಹಿಡಿಯುವ ಬದಲು ಇಲ್ಲಿನ ಮಣ್ಣು, ಇಲ್ಲಿನ ಮನೆ, ಪಾಯದ ಆಳ ನೋಡಿ ಅದನ್ನು ಬರೆಯಬೇಕು. ಶಾಸಕರನ್ನು, ಸಂಸದರನ್ನು ಕೇಳಬೇಕಾದ ಪ್ರಶ್ನೆ ಇದು. ಪುರಸಭೆಯ ಸಿಬ್ಬಂದಿ ಮೇಲೆ ರೇಗಿ ಫಾಯಿದೆ ಇಲ್ಲ.

ಅಜ್ಜಿಗೆ ಇಷ್ಟೆಲ್ಲ ಹೇಳಲಿಲ್ಲ. ಕೆಡವಬೇಡಿ, ಮೊದಲು ರಿಪೇರಿಗೆ ಅರ್ಜಿ ಹಾಕಿ, ಮಳೆಗಾಲಕ್ಕೆ ನಾಲ್ಕೈದು ತಿಂಗಳು ಮುಂಚೆಯೇ ಹಾಕಿ ಎಂದೆ. ಬಿರುಕಿನ ಫೋಟೋ ತೆಗೆದಿಡಿ, 1992ಕ್ಕಿಂತ ಹಿಂದಿನ ಮನೆಪಟ್ಟಿ ಪಾವತಿ, ಉತಾರ ಏನಿದ್ದರೂ ಹುಡುಕಿಡಿ ಎಂದೆ. "ಅದಾವು," ಎಂದರು. "ನಮ್ಮ ಮಾವನೋರು ಕಟ್ಟಿದ್ದು ಎಲ್ಲಾ ಟ್ರಂಕಿನ್ಯಾಗ ಅದಾವು. ತಗೀತೀನಿ ತಡಿ, ನೀ ಓದಿ ಹೇಳು." ಕ್ಯಾಮೆರಾದವರ ಫೋನ್ ಎರಡು ಸಲ ಬಂತು. ನಾನು ಕಟ್ಟೆಯ ಮೇಲೆ ಕೂತೆ.