‘ರೆ’ ಎಂಬ ಗುಮ್ಮ

ಸೋಮವಾರ ಬೆಳಿಗ್ಗೆ ಏಳೂವರೆ. ತಟ್ಟೆಯಲ್ಲಿ ಉಪ್ಪಿಟ್ಟು ಆರುತ್ತಿದೆ. “ಅಮ್ಮಾ, ಹೊಟ್ಟೆ ನೋಯ್ತಿದೆ.” ನಿನ್ನೆ ಸಂಜೆಯವರೆಗೆ ಬೀದಿಯಲ್ಲಿ ಕುಂಟೆಬಿಲ್ಲೆ ಆಡಿಕೊಂಡಿದ್ದ ಮೂರನೇ ಕ್ಲಾಸಿನ ಹುಡುಗಿ ಈಗ ಮೊಣಕಾಲನ್ನು ಎದೆಗವಚಿಕೊಂಡು ಕೂತಿದ್ದಾಳೆ. “ಎಲ್ಲಾ ನಾಟಕ, ರಜಾ ಬೇಕು ಅಷ್ಟೆ” ಎನ್ನುತ್ತಾನೆ ಅಪ್ಪ. ಅಜ್ಜಿ ದೃಷ್ಟಿ ತೆಗೆಯಲು ಪೊರಕೆಕಡ್ಡಿ ಹುಡುಕುತ್ತಾಳೆ. ಸ್ಕೂಲ್ ವ್ಯಾನು ಹೋಗಿ ಗಂಟೆ ಕಳೆಯುವುದರೊಳಗೆ ನೋವು ಮಾಯ. “ನಾನು ಹೇಳ್ಲಿಲ್ವಾ?” ಎಂದು ಅಪ್ಪ ಗೆದ್ದ.

ಅಪ್ಪನ ಲೆಕ್ಕ ತಪ್ಪು. ಆ ನೋವು ನಿಜವಾದದ್ದೇ. ನಮ್ಮ ಮಿದುಳಿನ ಒಳಗೆ ಎರಡೂ ಪಕ್ಕ ಬಾದಾಮಿ ಬೀಜದ ಆಕಾರದ ಅಮಿಗ್ಡಾಲ ಎಂಬ ಭಾಗವಿದೆ. ಅಟ್ಟಣೆಯ ಮೇಲೆ ಕೂತು ಹೊಲ ಕಾಯುವವನಂತೆ ಅದರ ಕೆಲಸ. ಹಂದಿ ಬಂದರೂ ತಮಟೆ, ಬರೀ ಎಲೆ ಅಲುಗಿದರೂ ತಮಟೆ. ತಮಟೆ ಕೇಳಿದೊಡನೆ, ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ. ಓಡಲು ಬೇಕಾದ ರಕ್ತ ತೋಳು ತೊಡೆಗಳ ಕಡೆ ಹರಿಯುವುದರಿಂದ ಹೊಟ್ಟೆಯ ಪಾಲು ಕಡಿಮೆಯಾಗಿ ಜೀರ್ಣದ ಕೆಲಸ ಏರುಪೇರಾಗುತ್ತದೆ. ತೊಳಸಿದಂತಾಗುವುದು, ಹಿಂಡಿದಂತಾಗುವುದು ಆಗಲೇ. ಹುಡುಗಿ ಸುಳ್ಳು ಹೇಳುತ್ತಿಲ್ಲ. ನೋವಿನ ಹುಟ್ಟು ಹೊಟ್ಟೆಯಲ್ಲಿಲ್ಲ, ಅಷ್ಟೆ. ಇಷ್ಟನ್ನು ಮಕ್ಕಳಿಗೂ ಹೇಳಬಹುದು, ಎಂಟು ವರ್ಷದವರಿಗೂ ಅರ್ಥವಾಗುತ್ತದೆ. ತನ್ನೊಳಗೊಬ್ಬ ಗಡಿಬಿಡಿಯ ಕಾವಲುಗಾರ ಸುಮ್ಮಸುಮ್ಮನೆ ತಮಟೆ ಬಡಿಯುತ್ತಿದ್ದಾನೆ ಎಂದು ಗೊತ್ತಾದರೆ ‘ನನಗೇನೋ ಆಗಿಬಿಟ್ಟಿದೆ’ ಎಂಬ ಎರಡನೇ ಹೆದರಿಕೆಯಾದರೂ ತಗ್ಗುತ್ತದೆ.

ಭಯಕ್ಕೂ ಆತಂಕಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ವ್ಯಾಕರಣವೇ ತೋರಿಸಿಕೊಡುತ್ತದೆ. ನಾಯಿ ಎದುರಿಗೆ ನಿಂತು ಗುರ್‌ ಎಂದಾಗ ಆಗುವುದು ಭಯ. ‘ನಾಳೆ ಆ ಬೀದಿಯಲ್ಲಿ ನಾಯಿ ಇದ್ದರೆ?’ ಎಂಬುದು ಆತಂಕ. ಮಗುವಿನ ಮಾತಿನ ಕೊನೆಗೆ ಕಿವಿಗೊಡಿ: ಮಿಸ್ ಓದು ಅಂದರೆ? ಎಲ್ಲರೂ ನಕ್ಕರೆ? ಅಮ್ಮ ಕರಕೊಂಡು ಹೋಗೋಕೆ ಬರದಿದ್ದರೆ? ಗುಮ್ಮ ಅಡಗಿರುವುದು ಆ ‘ರೆ’ಯಲ್ಲಿ.

ವಯಸ್ಸಿಗೆ ತಕ್ಕಂತೆ ಗುಮ್ಮನ ವೇಷ ಬದಲಾಗುತ್ತದೆ. ಎಂಟು ಒಂಬತ್ತು ತಿಂಗಳ ಕೂಸು ಅಪರಿಚಿತರನ್ನು ಕಂಡು ಅಮ್ಮನ ಸೆರಗಿಗೆ ಮುಖ ಹುದುಗಿಸುತ್ತದೆ, ಮೂರು ನಾಲ್ಕು ವರ್ಷಕ್ಕೆ ಕತ್ತಲು, ಶಾಲೆಯ ವಯಸ್ಸಿಗೆ ಪರೀಕ್ಷೆ, ಹೈಸ್ಕೂಲಿಗೆ ಬಂದರೆ ‘ಅವರು ಏನಂದುಕೊಂಡಾರು’. ಇವೆಲ್ಲ ಬೆಳವಣಿಗೆಯ ಭಾಗ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣ ತಾಯಿಯನ್ನು ಬೇಡುವ ಕೀರ್ತನೆಯನ್ನು ಪುರಂದರದಾಸರು ಕಟ್ಟಿದ್ದಾರೆಂದ ಮೇಲೆ, ದೇವರ ಮಗುವಿಗೂ ಇದು ತಪ್ಪಿದ್ದಲ್ಲ. ಊಟ ಮಾಡಿಸಲು ನಾವೇ ಗುಮ್ಮನನ್ನು ಕರೆಯುವುದನ್ನು ಮಾತ್ರ ಇನ್ನಾದರೂ ಬಿಡಬಹುದು.

‘ರೆ’ ಹುಟ್ಟಿದ ಮನೆಯಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಒಂದು, ಗದರಿ ವ್ಯಾನಿಗೆ ತಳ್ಳುವುದು. ಇನ್ನೊಂದು, ಮುದ್ದಿನ ದಾರಿ: “ಆಯ್ತು ಪುಟ್ಟಿ, ಇವತ್ತು ಬೇಡ ಬಿಡು.” ಈ ಎರಡನೆಯದು ನೋಡಲು ಕರುಣೆ, ಆದರೆ ನನ್ನ ಮಟ್ಟಿಗೆ ಹೆಚ್ಚು ಕೆಡಿಸುವುದು ಇದೇ. ಮನೆಯಲ್ಲಿ ಉಳಿದ ಕ್ಷಣ ಹೊಟ್ಟೆ ಹಗುರಾಗುತ್ತದೆ. ‘ತಪ್ಪಿಸಿಕೊಂಡಿದ್ದಕ್ಕೇ ಬದುಕಿದೆ’ ಎಂದು ಕಾವಲುಗಾರ ಕಲಿಯುತ್ತಾನೆ, ಮಂಗಳವಾರ ತಮಟೆ ಇನ್ನೂ ಜೋರು. “ಏನೂ ಆಗಲ್ಲ, ಹೆದರಬೇಡ” ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವುದೂ ಅಷ್ಟೆ. ಇಪ್ಪತ್ತೊಂದನೆಯ ಸಲ ಕೇಳದಿದ್ದರೆ ಮಗುವಿಗೆ ಸಮಾಧಾನವಿಲ್ಲದಂತಾಗುತ್ತದೆ. ಅಜ್ಜಿಯ ಪೊರಕೆಕಡ್ಡಿಯ ಬಗ್ಗೆ ನನಗೆ ತಕರಾರಿಲ್ಲ. ಕಡ್ಡಿ ಚಟಪಟ ಉರಿಯುವಷ್ಟು ಹೊತ್ತು ಒಬ್ಬರು ಬೇರೆಲ್ಲ ಬಿಟ್ಟು ಮಗುವಿನ ಪಕ್ಕ ಕೂತಿರುತ್ತಾರಲ್ಲ!

ಗದರಿಕೆಗೂ ಮುದ್ದಿಗೂ ನಡುವಿನ ದಾರಿ ನೂರು ವರ್ಷದಷ್ಟು ಹಳೆಯದು. 1920ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಪುಟ್ಟ ಕೂಸೊಂದು ಬಿಳಿ ಇಲಿಯನ್ನು ಮುಟ್ಟಹೋದಾಗಲೆಲ್ಲ ಬೆನ್ನ ಹಿಂದೆ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಬಡಿದು, ಭಯವನ್ನು ಕಲಿಸಬಹುದೆಂದು ತೋರಿಸಿದರು. ಕಲಿಸಿದ್ದನ್ನು ಅಳಿಸದೆಯೇ ಕೂಸನ್ನು ಕಳಿಸಿಯೂ ಬಿಟ್ಟರು! ಕಲಿಸಬಹುದಾದರೆ ಮರೆಸಲೂ ಬಹುದಲ್ಲವೇ ಎಂದು ಹೊರಟವರು ಮೇರಿ ಕವರ್ ಜೋನ್ಸ್. 1924ರಲ್ಲಿ ಅವರು ಬರೆದ ವರದಿಯ ನಾಯಕ ಪೀಟರ್ ಎಂಬ ಹುಡುಗ, ವಯಸ್ಸು ಎರಡು ವರ್ಷ ಹತ್ತು ತಿಂಗಳು. ಮೊಲ, ಹತ್ತಿ, ತುಪ್ಪಳದ ಕೋಟು, ಹಕ್ಕಿಯ ಗರಿ ಎಲ್ಲಕ್ಕೂ ಹೆದರುವವನು. ಮೊಲಕ್ಕೆ ಹೆದರದ ಮೂವರು ಮಕ್ಕಳ ಜೊತೆ ಅವನನ್ನು ದಿನಾ ಆಡಲು ಬಿಟ್ಟರು. ಮೊದಲು ಪಂಜರದೊಳಗಿನ ಮೊಲ ಕೋಣೆಯಲ್ಲಿ ಎಲ್ಲಿದ್ದರೂ ಅಳು. ಆಮೇಲೆ ಹನ್ನೆರಡು ಅಡಿ ದೂರವಿದ್ದರೆ ಸಹಿಸಿದ, ನಾಲ್ಕಡಿಗೆ ಬಂದ, ಮೂರಡಿಗೆ ಬಂದ. ಯಾರೂ ಅವನನ್ನು ಎಳೆದು ತಂದು ಮೊಲದ ಮುಂದೆ ಕೂರಿಸಲಿಲ್ಲ, ಮೊಲವನ್ನು ಮನೆಯಿಂದ ಓಡಿಸಲೂ ಇಲ್ಲ.

ನಮ್ಮ ಮೂರನೇ ಕ್ಲಾಸಿನ ಹುಡುಗಿಗೂ ಇಂಥ ಮೆಟ್ಟಿಲು ಕಟ್ಟಬಹುದು. ಸೋಮವಾರ ಮೊದಲ ಪೀರಿಯಡ್ ಕನ್ನಡ, ಎದ್ದು ನಿಂತು ಪಾಠ ಓದಬೇಕು: ಹೊಟ್ಟೆನೋವಿನ ಗುಟ್ಟು ಇದು ಎಂದಿಟ್ಟುಕೊಳ್ಳಿ. ಮೊದಲು ಪುಟ್ಟ ತಮ್ಮನಿಗೆ ಓದಿ ಹೇಳಲಿ. ಆಮೇಲೆ ಅಜ್ಜಿಗೆ, ಗೆಳತಿಗೆ. ಟೀಚರ ಬಳಿ ಮೊದಲೇ ಮಾತಾಡಿಕೊಂಡು, ಕ್ಲಾಸಿನಲ್ಲಿ ಕೂತಲ್ಲಿಂದಲೇ ಒಂದು ಸಾಲು. ಒಂದು ಮೆಟ್ಟಿಲು ಬೇಜಾರಾಗುವಷ್ಟು ಸಲೀಸಾದ ಮೇಲೇ ಮುಂದಿನದು. “ತಪ್ಪಿದರೆ?” ಎಂದಳೋ, “ಏನೂ ಆಗಲ್ಲ” ಎನ್ನುವ ಬದಲು “ತಪ್ಪಿದರೆ ಏನು ಮಾಡೋಣ ಹೇಳು” ಎಂದು ಕೇಳಿ. “ಮತ್ತೆ ಓದ್ತೀನಿ” ಎಂದು ಅವಳ ಬಾಯಿಂದಲೇ ಬಂದಾಗ ‘ರೆ’ಗೆ ಒಂದು ಉತ್ತರ ಸಿಕ್ಕಂತೆ. ಎದೆಬಡಿತ ಜೋರಾದಾಗ ಬಿಸಿ ಗಂಜಿ ಊದಿ ಆರಿಸುವಂತೆ ನಿಧಾನವಾಗಿ ಉಸಿರು ಬಿಡಲಿ. ಹೊರಬಿಡುವ ಉಸಿರು ಉದ್ದವಾದಷ್ಟೂ ಹೃದಯದ ಓಟ ತಗ್ಗುತ್ತದೆ. ಸಮಾಧಾನವಾಗಿ ಇದ್ದಾಗಲೇ ನಾಲ್ಕು ದಿನ ಅಭ್ಯಾಸ ಮಾಡಿಸಬೇಕು. ವ್ಯಾನಿನ ಹಾರನ್ ಕೇಳುತ್ತಿರುವಾಗ ಕಲಿಸಹೊರಟರೆ ಅದೂ ಒಂದು ಪರೀಕ್ಷೆಯಾದೀತು.

ಆದರೆ ಮೆಟ್ಟಿಲು ಕಟ್ಟುವ ಮೊದಲು ಒಂದು ವಿಚಾರಣೆ ಆಗಬೇಕು. ಕೆಲವೊಮ್ಮೆ ಹೊಲಕ್ಕೆ ನಿಜವಾಗಿಯೇ ಹಂದಿ ನುಗ್ಗಿರುತ್ತದೆ. ಚಿಲಕವಿಲ್ಲದ ಶೌಚಾಲಯ, ವ್ಯಾನಿನಲ್ಲಿ ಕಾಡುವ ದೊಡ್ಡ ಹುಡುಗರು, ಬೆತ್ತ. ಅಂಥಲ್ಲಿ ಮಗುವಿಗೆ ಧೈರ್ಯ ಕಲಿಸುವುದು ಅನ್ಯಾಯ. ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ.

ಆತಂಕ ನಾಲ್ಕಾರು ವಾರ ಕಳೆದರೂ ಇಳಿಯದೆ ನಿದ್ದೆ, ಊಟ, ಶಾಲೆ, ಆಟಗಳನ್ನು ಕಿತ್ತುಕೊಳ್ಳತೊಡಗಿದರೆ ವೈದ್ಯರ ಬಳಿ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಬೇಕೆಂದೇನೂ ಇಲ್ಲ. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಗಳಿಗೆ ಒಯ್ಯುವ ಮಾದರಿಯನ್ನು ಅದೇ ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ ರೂಪಿಸಿತು. ಈಗ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ದಸರಾ ರಜೆ ಮುಗಿಸಿ ಬಂದ ಸೋಮವಾರ ಹೊಟ್ಟೆನೋವು ಮರಳಿದರೆ, “ಪಟ್ಟ ಪಾಡೆಲ್ಲ ನೀರಲ್ಲಿ ಹೋಮ” ಎಂದು ಅಪ್ಪ ಕೈಚೆಲ್ಲಬಾರದು. ಪೀಟರನಿಗೂ ಹಾಗೇ ಆಯಿತು. ನಡುವೆ ಜ್ವರ ಬಂದು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದ. ಬಿಟ್ಟುಬಂದ ದಿನ ಬಾಗಿಲಲ್ಲೇ ದೊಡ್ಡ ನಾಯಿಯೊಂದು ಅವನ ಮೇಲೆ ಎಗರಿತು. ಮೊಲ ಮತ್ತೆ ಮೊದಲಿನಷ್ಟೇ ಭಯಂಕರವಾಯಿತು. ಜೋನ್ಸ್ ಮತ್ತೆ ಶುರು ಮಾಡಿದರು. ಈ ಸಲ ಹುಡುಗನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಇಷ್ಟದ ತಿಂಡಿ ಕೊಟ್ಟು, ಅವನು ತಿನ್ನುವುದನ್ನು ನಿಲ್ಲಿಸದಷ್ಟು ದೂರದಲ್ಲಿ ಪಂಜರ ಇಟ್ಟರು. ದಿನ ಕಳೆದಂತೆ ಪಂಜರ ಹತ್ತಿರ ಸರಿಯಿತು. ಕೊನೆಗೊಂದು ದಿನ ಮೊಲ ಪೀಟರನ ಬೆರಳನ್ನೇ ಮೆಲ್ಲಗೆ ಕಡಿಯುತ್ತಿತ್ತು, ಅವನು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.