ಕೈಗೆ ಸಿಕ್ಕಿದ್ದೇ ಕಣ್ಣಿಗೆ ಸಿಕ್ಕಿದ್ದು

ಬೈಕುಲ್ಲಾದ ರಾಣಿಬಾಗಿಗೆ ಹೋದವರು ಪಕ್ಕದ ಡಾ. ಭಾವು ದಾಜಿ ಲಾಡ್ ಸಂಗ್ರಹಾಲಯಕ್ಕೂ ಒಂದು ಸುತ್ತು ಹಾಕುವುದುಂಟು. 1872ರಲ್ಲಿ ಬಾಗಿಲು ತೆರೆದ ಈ ಕಟ್ಟಡದಲ್ಲಿ ಹಳೆಯ ಮುಂಬಯಿಯ ಜನರನ್ನು ತೋರಿಸುವ ಪುಟ್ಟ ಮಣ್ಣಿನ ಗೊಂಬೆಗಳಿವೆ, ಎಲ್ಲವೂ ಗಾಜಿನೊಳಗೆ. ದೊಡ್ಡವರು ಬಗ್ಗಿ ಬಗ್ಗಿ ನೋಡುತ್ತಾರೆ. ಸೊಂಟದ ಮೇಲಿನ ಕೂಸು ಗಾಜನ್ನು ಒಮ್ಮೆ ತಟ್ಟಿ, ಇದು ಸಿಗುವ ಮಾಲಲ್ಲ ಎನಿಸಿದ್ದೇ ಅಮ್ಮನ ಕರಿಮಣಿ ಎಳೆದು ಬಾಯಿಗಿಡುತ್ತದೆ. ವಿಜ್ಞಾನ ಕೂಸಿನ ಪಕ್ಷದಲ್ಲಿದೆ.

ಆಗಷ್ಟೇ ಹುಟ್ಟಿದ ಮಗುವಿಗೆ ಒಂದಿಷ್ಟು ನೆಟ್ಟಗೆ ಕಾಣುವುದು 20ರಿಂದ 30 ಸೆಂಟಿಮೀಟರು ದೂರದ್ದು ಮಾತ್ರ. ಹಾಲು ಕುಡಿಯುವಾಗ ತಾಯಿಯ ಮುಖ ಇರುವಷ್ಟು ದೂರ. ಅದೂ ಮಸುಕೇ. ಬಣ್ಣಗಳು ಸರಿಯಾಗಿ ಬೇರ್ಪಡಲು ಮೂರು-ನಾಲ್ಕು ತಿಂಗಳು ಬೇಕು. 1960ರ ದಶಕದ ಆರಂಭದಲ್ಲಿ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಫ್ಯಾಂಟ್ಸ್ ಹಸುಗೂಸುಗಳ ಮುಂದೆ ಬಗೆಬಗೆಯ ಆಕೃತಿಗಳನ್ನಿಟ್ಟು, ಯಾವುದರ ಮೇಲೆ ನೋಟ ಎಷ್ಟು ಹೊತ್ತು ನಿಲ್ಲುತ್ತದೆಂದು ಅಳೆದರು. ಬರೀ ಬಣ್ಣ ಬಳಿದ ಬಿಲ್ಲೆಗಿಂತ ಗೆರೆ, ವೃತ್ತ, ಮುಖದಂಥ ಚಿತ್ರಗಳೇ ಗೆದ್ದವು. ಹಾಗಾಗಿ ತಿಳಿಗುಲಾಬಿ, ತಿಳಿನೀಲಿ ಆಟಿಕೆಗಳ ಚೆಂದವೆಲ್ಲ ಕೊಳ್ಳುವವರಿಗೆ. ಊರಿಗೆ ಹೋದವರು ತರುವ ಚನ್ನಪಟ್ಟಣದ ಗಿಲಕಿಯ ಮೇಲೆ ಅರಗಿನಲ್ಲಿ ಎಳೆದ ದಟ್ಟ ಪಟ್ಟೆಗಳು ಎಳೆಗಣ್ಣಿಗೆ ಬೇಗ ಸಿಗುತ್ತವೆ.

ನೋಡಲು ಕಣ್ಣೊಂದೇ ಸಾಲದು. ನಾಲ್ಕೈದು ತಿಂಗಳಿಗೆ ಕೈ ಚಾಚಲು ಬಂದ ಮೇಲೆ ಗಿಲಕಿ ಒಂದು ಬಣ್ಣದ ಕಲೆಯಾಗಿ ಉಳಿಯುವುದಿಲ್ಲ. ತಿರುಗಿಸಿದರೆ ಹಿಂಬದಿ ಇದೆ, ಕಚ್ಚಿದರೆ ಗಟ್ಟಿ ಇದೆ, ಬಿಟ್ಟರೆ ಬೀಳುತ್ತದೆ. ಎತ್ತಿಕೊಟ್ಟಷ್ಟೂ ಬೀಳಿಸುತ್ತದೆ ಎಂದು ಅಜ್ಜಿಯರು ಗೊಣಗುವುದು ನಿಜ. ಸೊಂಟ ನೋಯುವುದು ಅವರಿಗೇ. ಪಾಠ ನಡೆಯುತ್ತಿರುವುದು ಕೂಸಿಗೆ.

ದೆಹಲಿಯಲ್ಲಿ ನಡೆದ ಒಂದು ಪ್ರಯೋಗ ಇದನ್ನು ಇನ್ನೊಂದು ದಿಕ್ಕಿನಿಂದ ತೋರಿಸಿತು. ಅಮೆರಿಕದ ಎಂಐಟಿಯ ವಿಜ್ಞಾನಿ ಪವನ್ ಸಿನ್ಹಾ ಅವರ 'ಪ್ರಾಜೆಕ್ಟ್ ಪ್ರಕಾಶ್' ಯೋಜನೆಯಲ್ಲಿ, ಹುಟ್ಟಿನಿಂದ ಕುರುಡರಾಗಿದ್ದ ಐವರಿಗೆ ಶಸ್ತ್ರಚಿಕಿತ್ಸೆಯಿಂದ ನೋಟ ಬಂತು. ಅವರ ವಯಸ್ಸು 8ರಿಂದ 17. ಅವರಿಗೆ ಆಟದ ಬ್ಲಾಕುಗಳನ್ನು ಕೊಡಲಾಯಿತು. ಮುಟ್ಟಿದ್ದನ್ನು ಮತ್ತೆ ಮುಟ್ಟಿ ಗುರುತಿಸಿದರು. ನೋಡಿದ್ದನ್ನು ಮತ್ತೆ ನೋಡಿ ಗುರುತಿಸಿದರು. ಆದರೆ ಬರೀ ಮುಟ್ಟಿದ ಬ್ಲಾಕು ಕಣ್ಣೆದುರಿನ ಎರಡರಲ್ಲಿ ಯಾವುದೆಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಊಹೆಯೇ. ಮತ್ತೆ ಪರೀಕ್ಷಿಸಿದಾಗ ಕೆಲವೇ ದಿನಗಳಲ್ಲಿ ಚೇತರಿಕೆ ಕಂಡಿತ್ತು. 2011ರಲ್ಲಿ ಇದು ಪ್ರಕಟವಾಯಿತು. ಕೈ ಮತ್ತು ಕಣ್ಣಿನ ಈ ಹೊಂದಾಣಿಕೆ ಬಳಸುತ್ತ ಬಳಸುತ್ತ ಕೂಡಿಬರುವಂಥದ್ದು. ನಮ್ಮ ಕೂಸುಗಳು ಗಿಲಕಿ ಹಿಡಿದು ಮಾಡುವುದು ಅದನ್ನೇ.

ಇಂಡಿಯಾನಾ ವಿಶ್ವವಿದ್ಯಾಲಯದ ಲಿಂಡಾ ಸ್ಮಿತ್ ಮತ್ತು ಚೆನ್ ಯು ಪುಟಾಣಿಗಳ ಹಣೆಗೆ ಚಿಕ್ಕ ಕ್ಯಾಮೆರಾ ಕಟ್ಟಿ ಆಟಕ್ಕೆ ಬಿಟ್ಟರು. ಎದುರು ಕೂತ ಅಪ್ಪ-ಅಮ್ಮನಿಗೆ ಮೇಜಿನ ಆಟಿಕೆಗಳೆಲ್ಲ ಒಟ್ಟಿಗೆ ಕಾಣುತ್ತಿದ್ದವು. ಒಂದೂವರೆ ವರ್ಷದ ಮಗುವಿನ ತೋಳು ಗಿಡ್ಡ; ಎತ್ತಿಕೊಂಡ ಆಟಿಕೆ ಮುಖದ ಹತ್ತಿರವೇ ನಿಂತು ಮಿಕ್ಕಿದ್ದನ್ನೆಲ್ಲ ಮರೆಮಾಡುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ದೊಡ್ಡವರು ಅದರ ಹೆಸರು ಹೇಳಿದರೆ ಮಗು ಚೆನ್ನಾಗಿ ಕಲಿಯಿತು. ಮಗು ಚೆಂಡು ಹಿಡಿದಿರುವಾಗ "ಅಲ್ಲಿ ನೋಡು ಆನೆ" ಅನ್ನುವುದರಿಂದ ಪ್ರಯೋಜನ ಕಡಿಮೆ. ಚೆಂಡಿನ ಮಾತೇ ಆಡಿ.

ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ಆಟಿಕೆ ಗುಡ್ಡೆ ಹಾಕಲು ಜಾಗವೂ ಇಲ್ಲ, ಬೇಕಾಗಿಯೂ ಇಲ್ಲ. ಸ್ಟೀಲು ಲೋಟ, ಮರದ ಸೌಟು ಧಾರಾಳ ಸಾಕು. ನುಂಗುವಷ್ಟು ಚಿಕ್ಕದು ಮಾತ್ರ ಬೇಡ. ಮೊಬೈಲನ್ನು ನಾನು ಈ ಪಟ್ಟಿಗೆ ಸೇರಿಸಲಾರೆ. ಅದರೊಳಗಿನ ಚೆಂಡಿಗೆ ಹಿಂಬದಿಯೂ ಇಲ್ಲ, ತೂಕವೂ ಇಲ್ಲ.

ಗಿಲಕಿಗೆ ಇನ್ನೊಂದು ಕೆಲಸವೂ ಇದೆ. ಮೂರು-ನಾಲ್ಕು ತಿಂಗಳಾದರೂ ಮಗು ಅದರ ಹಿಂದೆ ಕಣ್ಣು ಹೊರಳಿಸದಿದ್ದರೆ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ಪಾಪೆ ಬೆಳ್ಳಗೆ ಕಂಡರಂತೂ ಯಾವ ವಯಸ್ಸಿಗೂ ಕಾಯಬೇಡಿ, ಅಂದೇ ಹೊರಡಿ. ಬೈಕುಲ್ಲಾದವರಿಗೆ ಜೆ.ಜೆ. ಆಸ್ಪತ್ರೆ ಹತ್ತಿರದಲ್ಲೇ ಇದೆ. ಹುಟ್ಟಿನಿಂದ ಬಂದ ದಟ್ಟ ಪೊರೆಗೆ ಮೊದಲ ಎರಡು ತಿಂಗಳೊಳಗೆ ಚಿಕಿತ್ಸೆಯಾದರೆ ನೋಟ ಚೆನ್ನಾಗಿ ಬೆಳೆಯುವ ಸಾಧ್ಯತೆ ಹೆಚ್ಚು.